ತಪ್ಪಿದ್ದು ವಿದ್ಯಾರ್ಥಿಯೋ, ಪ್ರಶ್ನೆಯೋ?

ಬಹು ಆಯ್ಕೆ ಪ್ರಶ್ನೆಗಳ ಕಿರುಪರೀಕ್ಷೆ ಮುಗಿದೊಡನೆ ಅಂಕ ಕೂಡಿಸಿ, ಉತ್ತರ ಹಾಳೆಗಳನ್ನು ಕಟ್ಟಿ ಮೂಲೆಗೆ ಇಡುವುದು ನಮ್ಮಲ್ಲಿ ರೂಢಿ. ಪ್ರಶ್ನೆ ಬರೆದವರ ಯೋಗ್ಯತೆಯೂ ಆ ಕಟ್ಟಿನೊಳಗೆ ಅಡಗಿರುತ್ತದೆ. ಅದನ್ನು ಬಿಚ್ಚಿ ನೋಡುವವರು ಕಡಿಮೆ.

ಈ ಪ್ರಶ್ನೆಯನ್ನು ಗಮನಿಸಿ: ‘ನೇರವಾಗಿ ಮೇಲಕ್ಕೆ ಎಸೆದ ಕಲ್ಲು ಅತಿ ಎತ್ತರದ ಬಿಂದುವಿನಲ್ಲಿರುವಾಗ ಅದರ ವೇಗೋತ್ಕರ್ಷ (ಮೀ/ಸೆ²) ಎಷ್ಟು? (ಅ) 0 (ಆ) 9.8 (ಇ) −9.8 (ಈ) 19.6.’ ಕೀಲಿ ಉತ್ತರ (ಆ). 100 ಮಂದಿ ಉತ್ತರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಹಾಳೆಗಳನ್ನು ಒಟ್ಟು ಅಂಕಗಳ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ 27 ಮತ್ತು ಕೆಳಗಿನ 27 ಹಾಳೆಗಳನ್ನು ಪ್ರತ್ಯೇಕಿಸಿ. (ಶೇ. 27 ಎಂಬ ಈ ಪ್ರಮಾಣವನ್ನು 1939ರಲ್ಲಿ ಸಮರ್ಥಿಸಿದವರು ಟ್ರೂಮನ್ ಕೆಲ್ಲಿ. ಸಣ್ಣ ತರಗತಿಯಾದರೆ ಮೂರನೆಯ ಒಂದು ಭಾಗ ತೆಗೆದುಕೊಂಡರೂ ಬಾಧಕವಿಲ್ಲ.) ಮೇಲಿನ ಗುಂಪಿನಲ್ಲಿ 9, ಕೆಳಗಿನ ಗುಂಪಿನಲ್ಲಿ 15 ಮಂದಿ (ಆ) ಗುರುತಿಸಿದ್ದರೆ, ವಿಭೇದನ ಸೂಚ್ಯಂಕ (9 − 15) ÷ 27, ಅಂದರೆ ಸುಮಾರು −0.22. ಚೆನ್ನಾಗಿ ಕಲಿತವರೇ ಹೆಚ್ಚು ತಪ್ಪಿದ್ದಾರೆ!

ಇದು ಹೇಗಾಯಿತು? ಮೇಲಿನ ಗುಂಪಿನಲ್ಲಿ ಯಾವ ಆಯ್ಕೆಗೆ ಎಷ್ಟು ಮಂದಿ ಎಂದು ಎಣಿಸಿ. 14 ಮಂದಿ (ಇ) ಗುರುತಿಸಿದ್ದರೆ ಕಾರಣ ಸ್ಪಷ್ಟ. ಮೇಲ್ಮುಖ ದಿಕ್ಕನ್ನು ಧನವೆಂದು ತೆಗೆದುಕೊಂಡವರಿಗೆ −9.8 ಸರಿಯೇ. ದಿಕ್ಕಿನ ಒಪ್ಪಂದವನ್ನು ಹೇಳದೆ ಕೇಳಿದ್ದು ಪ್ರಶ್ನೆಯ ದೋಷ. 9.8ನ್ನು ಬಾಯಿಪಾಠ ಮಾಡಿದವನಿಗೆ ಅಂಕ, ಯೋಚಿಸಿದವನಿಗೆ ಸೊನ್ನೆ!

ಆದರೆ ‘ಸೂಚ್ಯಂಕ 0.2ಕ್ಕಿಂತ ಕಡಿಮೆಯಾದರೆ ಪ್ರಶ್ನೆಯನ್ನು ಕೈಬಿಡಿ’ ಎಂಬ ಸಿದ್ಧಸೂತ್ರವನ್ನೂ ನಾನು ಒಪ್ಪಲಾರೆ. ತರಗತಿಯ ಎಲ್ಲರೂ ಸರಿಯಾಗಿ ಉತ್ತರಿಸಿದರೆ ಸೂಚ್ಯಂಕ ಸೊನ್ನೆ. ಪಾಠ ಚೆನ್ನಾಗಿ ಆಗಿದೆ ಎಂದೇ ಅದರ ಅರ್ಥವಿರಬಹುದು. ಮೇಲಿನ ಪ್ರಶ್ನೆಯನ್ನು ತಿದ್ದಿ ಕೇಳಿದಾಗ ಜಾಣರೂ ದಡ್ಡರೂ ಒಟ್ಟಾಗಿ (ಅ) ಗುರುತಿಸಿದರೂ ಸೂಚ್ಯಂಕ ಸೊನ್ನೆಯ ಹತ್ತಿರವೇ. ವೇಗ ಸೊನ್ನೆಯಾದಲ್ಲಿ ವೇಗೋತ್ಕರ್ಷವೂ ಸೊನ್ನೆ ಎಂಬ ಭ್ರಮೆಯನ್ನು ಹೊರಗೆಳೆಯುವ ಅಂಥ ಪ್ರಶ್ನೆಯನ್ನು ಬಿಸಾಡುವುದುಂಟೆ? (ಜಾಣ, ದಡ್ಡ ಎಂಬ ಪದಗಳೇ ನನಗೆ ಹಿಡಿಸವು, ರೂಢಿಯಿಂದ ಬರೆದೆ.)

ಸಂಖ್ಯೆ ಅನುಮಾನವನ್ನಷ್ಟೇ ಹುಟ್ಟಿಸಬಲ್ಲದು. ತೀರ್ಮಾನ ವಿಷಯ ಬಲ್ಲವರದು. 2024ರ ನೀಟ್ ಪರೀಕ್ಷೆಯ ಭೌತವಿಜ್ಞಾನದ ಒಂದು ಪ್ರಶ್ನೆಯಲ್ಲಿ, ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರ ಎಂಬರ್ಥದ ಹೇಳಿಕೆಯಿತ್ತು. ವಿಕಿರಣಶೀಲ ಧಾತುಗಳ ಗತಿಯೇನು? ಹಳೆಯ ಪಠ್ಯಪುಸ್ತಕವನ್ನು ನಂಬಿದ 4 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಅದನ್ನು ಸರಿಯೆಂದರು. ಎರಡು ಉತ್ತರಗಳಿಗೂ ಅಂಕ ಕೊಡಲಾಯಿತು. ಸುಪ್ರೀಂ ಕೋರ್ಟ್ ಕೋರಿಕೆಯಂತೆ ದೆಹಲಿ ಐಐಟಿಯ ಮೂವರು ತಜ್ಞರು ಪರಿಶೀಲಿಸಿ, ಸರಿಯುತ್ತರ ಒಂದೇ ಎಂದರು. ಪರಿಷ್ಕೃತ ಫಲಿತಾಂಶದಲ್ಲಿ ಪೂರ್ಣಾಂಕ ಪಡೆದವರು 61ರಿಂದ 17ಕ್ಕೆ ಇಳಿದರು. ಇಲ್ಲಿ ಎಷ್ಟು ಲಕ್ಷ ಮಂದಿ ಯಾವ ಆಯ್ಕೆಗೆ ಗುರುತು ಹಾಕಿದ್ದರೂ ಪರಮಾಣುವಿನ ಸ್ಥಿರತೆ ಬದಲಾಗದು.

ನೀಟ್ ಅಭ್ಯರ್ಥಿಗೆ ಕೀಲಿ ಉತ್ತರವನ್ನು ಪ್ರಶ್ನಿಸುವ ಅವಕಾಶವಾದರೂ ಇದೆ. ಕಿರುಪರೀಕ್ಷೆ ಬರೆದವನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಅನುಮಾನಿಸುತ್ತ ನಿಲ್ಲುತ್ತಾನೆ, ಅಷ್ಟೆ. ಅವನಿಗೆ ಆ ಒಂದು ಅಂಕ ಕೊಡಿ. ಮುಂದಿನ ವರ್ಷದ ಪ್ರಶ್ನೆಗೆ ‘ಮೇಲ್ಮುಖ ದಿಕ್ಕನ್ನು ಧನವೆಂದು ಪರಿಗಣಿಸಿ’ ಎಂದು ಸೇರಿಸಿ, ಕೀಲಿಯನ್ನು (ಇ) ಎಂದು ತಿದ್ದಿಕೊಳ್ಳಿ.