ಓಟು ಬೇರೆ, ಪ್ರಶಸ್ತಿ ಬೇರೆ

ಐಹೊಳೆಯ ಮೇಗುಟಿ ಬಸದಿಯ ಪೂರ್ವದ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನವನ್ನು ನಾವು ಎರಡು ಕಾರಣಕ್ಕೆ ಓದುತ್ತ ಬಂದಿದ್ದೇವೆ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ವಾರ್ತೆ ಅದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಇರುವುದರಿಂದ ಅವರಿಬ್ಬರು ಕ್ರಿ.ಶ. 634ಕ್ಕಿಂತ ಹಿಂದಿನವರೆಂದು ಹೇಳಲು ಬರುತ್ತದೆ. ಇತಿಹಾಸಕ್ಕೆ ಅಷ್ಟು ಸಾಕು. ಕೃತಿಯಾಗಿ ತೂಗಿ ನೋಡಿದಾಗ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ. ಇರುವೆ ಸಾಯದಿರಲೆಂದು ನವಿಲುಗರಿಯ ಪಿಂಛಿಯಿಂದ ನೆಲ ಸವರಿ ಕೂರುವ ಜೈನ ಮುನಿಗಳ ಧರ್ಮಕ್ಕೆ ಸೇರಿದವನು ಈ ಕವಿ. ಮೊದಲ ಪದ್ಯದಲ್ಲಿ ಜಿನೇಂದ್ರನಿಗೆ ಕೈಮುಗಿದು, 37 ಪದ್ಯಗಳ ಬಹುಪಾಲನ್ನು ಯುದ್ಧಕ್ಕೆ ಕೊಡುತ್ತಾನೆ. ವರದಾ ನದಿ ಸುತ್ತುವರಿದ ಬನವಾಸಿಯ ಮುತ್ತಿಗೆ, ಬಿದ್ದ ಹರ್ಷನ ಆನೆಗಳು, ಕಂಚಿಯ ಕೋಟೆಯೊಳಗೆ ಅಡಗಿದ ಪಲ್ಲವ, ಎಲ್ಲವೂ ಬರುತ್ತವೆ. ಕುನಾಳ ಸರೋವರದ ನೀರು ಸತ್ತವರ ನೆತ್ತರಿಂದ ಕೆಂಪಾದದ್ದು ಅವನ ಕಣ್ಣಿಗೆ ಸಂಜೆಗೆಂಪು ಹರಡಿದ ಮುಗಿಲಾಗಿ ಕಾಣುತ್ತದೆ. ಕಾಲ ಹೇಳುವಾಗಲೂ ಭಾರತ ಯುದ್ಧದಿಂದ 3735 ವರ್ಷ ಎಂದೇ ಎಣಿಸುತ್ತಾನೆ! ಕೊನೆಗೆ, ಪುಲಕೇಶಿಯ ಕೃಪೆಯಿಂದ ತಾನು ಈ ಜಿನಾಲಯ ಕಟ್ಟಿಸಿದೆ ಎಂದು ಹೆಮ್ಮೆಪಡುತ್ತಾನೆ.

ಅಹಿಂಸೆಯ ಬಾಯಲ್ಲೇ ಯುದ್ಧದ ಹೊಗಳಿಕೆ ಬರುವುದು ಹಳೆಯ ಕಾಲದ ವಿಚಿತ್ರವೇನಲ್ಲ. ಜೀವದ ಪರ ಎಂದು ಹೇಳಿಕೊಳ್ಳುವವರು ಆಳುವವರನ್ನು ಆರಿಸುವಾಗ ಇಂದಿಗೂ ಇಲ್ಲೇ ಎಡವುತ್ತಾರೆ. ಅಮೆರಿಕದಲ್ಲಿ ಗರ್ಭಪಾತವನ್ನು ವಿರೋಧಿಸುವ ಅನೇಕರಿಗೆ ಅಭ್ಯರ್ಥಿಯ ಯೋಗ್ಯತೆ ಅಳೆಯಲು ಆ ಒಂದು ಪ್ರಶ್ನೆ ಸಾಕು. ಅವನು ಯಾವ ದೇಶದ ಮೇಲೆ ಬಾಂಬು ಹಾಕಿಸುತ್ತಾನೆ ಎಂಬುದು ಲೆಕ್ಕಕ್ಕಿಲ್ಲ. ಅವರ ನಡುವೆಯೇ ಒಂದು ಸಣ್ಣ ಗುಂಪು ಈ ಲೆಕ್ಕವನ್ನು ಒಪ್ಪುವುದಿಲ್ಲ. ಸರ್ಕಾರದ ಕೈ ಆದಷ್ಟು ಚಿಕ್ಕದಿರಬೇಕೆನ್ನುವ ಲಿಬರ್ಟೇರಿಯನ್ನರಲ್ಲಿ ಗರ್ಭಸ್ಥ ಶಿಶುವಿಗೂ ಹಕ್ಕಿದೆ ಎನ್ನುವವರು ಇವರು. ಟೆಕ್ಸಾಸಿನ ಮಾಜಿ ಸಂಸದ ರಾನ್ ಪಾಲ್ ಇವರಲ್ಲಿ ಹೆಸರಾದವರು. ವೃತ್ತಿಯಲ್ಲಿ ಹೆರಿಗೆ ವೈದ್ಯ, ಗರ್ಭಪಾತದ ಕಟ್ಟಾ ವಿರೋಧಿ. 2002ರಲ್ಲಿ ಇರಾಕ್ ಯುದ್ಧದ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ನಿರ್ಣಯ ಬಂದಾಗ, ತಮ್ಮದೇ ರಿಪಬ್ಲಿಕನ್ ಪಕ್ಷದ ಬಹುಸಂಖ್ಯಾತರ ಎದುರು ನಿಂತು ವಿರುದ್ಧ ಮತ ಹಾಕಿದರು. ಗರ್ಭಪಾತದ ಬಗ್ಗೆ ಅವರ ನಿಲುವು ಸರಿಯೋ ತಪ್ಪೋ ಇಲ್ಲಿ ಬೇಡ; ಎರಡೂ ಕಡೆ ಒಂದೇ ಅಳತೆಗೋಲು ಹಿಡಿದದ್ದಷ್ಟೇ ನನಗೆ ಮುಖ್ಯ. ಜೋಳದ ಬೆಲೆ ಕಟ್ಟಲು ಸರ್ಕಾರವನ್ನು ನಂಬದವನು, ಯಾರು ಸಾಯಬೇಕೆಂದು ತೀರ್ಮಾನಿಸಲು ಅದನ್ನೇ ನಂಬುವುದಾದರೂ ಹೇಗೆ? ನಮ್ಮಲ್ಲಿ ಸರ್ಕಾರದ ಹಿಡಿತವನ್ನು ವಿರೋಧಿಸಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ, ಮೂರು ವರ್ಷದ ಬಳಿಕ ಇಳಿವಯಸ್ಸಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಅಧ್ಯಕ್ಷ ಕೆನೆಡಿಯವರನ್ನು ಕೇಳಿಕೊಂಡದ್ದರ ಹಿಂದೆಯೂ ಇಂಥದೇ ಅಪನಂಬಿಕೆ ಕೆಲಸ ಮಾಡಿರಬೇಕು.

ರವಿಕೀರ್ತಿಯ ಪರವಾಗಿ ಹೇಳುವವರು ಮೊದಲು ಪ್ರಕಾರದ ಮಾತೆತ್ತುತ್ತಾರೆ. ಪ್ರಶಸ್ತಿಯೆಂದರೆ ಹೊಗಳಿಕೆ, ಅದರಲ್ಲಿ ನೀತಿ ಹುಡುಕಬಾರದು ಎಂದು. ಆದರೆ ಕಲ್ಲಿನ ಮೇಲೆ ಯುದ್ಧವನ್ನು ಬೇರೆ ರೀತಿಯಲ್ಲಿ ಬರೆಸಬಹುದೆಂಬುದಕ್ಕೆ ಅವನಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನ ಸಾಕ್ಷಿ ಇತ್ತು. ಅಶೋಕನ 13ನೆಯ ಬಂಡೆಗಲ್ಲು ಶಾಸನ ಕಳಿಂಗದಲ್ಲಿ ಸತ್ತವರು ಒಂದು ಲಕ್ಷ, ಸೆರೆಯಾಗಿ ಸಾಗಿಸಲ್ಪಟ್ಟವರು ಒಂದೂವರೆ ಲಕ್ಷ ಎಂದು ಲೆಕ್ಕ ಕೊಟ್ಟು ಪಶ್ಚಾತ್ತಾಪ ಪಡುತ್ತದೆ. (ಆ ಶಾಸನವನ್ನು ಕಳಿಂಗದ ಧೌಳಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ, ದೊರೆಯ ಪಶ್ಚಾತ್ತಾಪಕ್ಕೂ ಜಾಣತನ ಇರುತ್ತದೆ.) ರವಿಕೀರ್ತಿಯಲ್ಲಿ ಸತ್ತವರ ಲೆಕ್ಕವಿಲ್ಲ, ಬಣ್ಣವಷ್ಟೇ ಇದೆ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಜೈನ ಧರ್ಮ ಗೃಹಸ್ಥನಿಗೆ ಪೂರ್ಣ ಅಹಿಂಸೆ ವಿಧಿಸುವುದಿಲ್ಲ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ನಿಷಿದ್ಧ. ಮೇಲೆ ಬಿದ್ದವರನ್ನು ಎದುರಿಸುವ ವಿರೋಧೀ ಹಿಂಸೆಗೆ ವಿನಾಯಿತಿ ಇದೆ. ಸರಿ, ಇದೇ ಅಳತೆಯಲ್ಲಿ ಶಾಸನವನ್ನು ಓದೋಣ. ಹರ್ಷನನ್ನು ತಡೆದದ್ದು ನಾಡಿನ ರಕ್ಷಣೆ ಎನ್ನಬಹುದು. ಕೋಸಲ, ಕಳಿಂಗ, ಪಿಷ್ಟಪುರ, ಕಂಚಿ? ಪುಲಕೇಶಿಯ ರಾಜಧಾನಿ ವಾತಾಪಿಗೆ (ಇಂದಿನ ಬಾದಾಮಿ) ಪಿಷ್ಟಪುರದಿಂದ ಬಂದಿದ್ದ ಅಪಾಯ ಯಾವುದೆಂದು ಕವಿ ಒಂದು ಸಾಲಿನಲ್ಲೂ ಹೇಳುವುದಿಲ್ಲ. ತನ್ನ ಧರ್ಮವೇ ಕೊಟ್ಟ ಭೇದವನ್ನು ತನ್ನ ಬಸದಿಯ ಗೋಡೆಯ ಮೇಲೇ ಅಳಿಸಿಹಾಕಿದ್ದು ಅವನ ಸೋಲು. ಇಂದಿನ ಗರ್ಭಪಾತ ವಿರೋಧಿಗಳು ಅದೇ ವಾದವನ್ನು ಸ್ವಲ್ಪ ತಿರುಗಿಸಿ ಮಂಡಿಸುತ್ತಾರೆ: ಗರ್ಭಪಾತದಲ್ಲಿ ಸಾವೇ ಉದ್ದೇಶ, ಯುದ್ಧದಲ್ಲಿ ಜನಸಾಮಾನ್ಯರ ಸಾವು ಉದ್ದೇಶವಲ್ಲ. ಉದ್ದೇಶಕ್ಕೆ ಬೆಲೆ ಇದೆ, ಒಪ್ಪೋಣ. ಆದರೆ ಊರಿನ ಮೇಲೆ ಬಾಂಬು ಹಾಕಿದರೆ ಬಸುರಿಯರೂ ಸಾಯುತ್ತಾರೆಂಬುದು ಆದೇಶ ಕೊಡುವವನಿಗೆ ಮೊದಲೇ ಗೊತ್ತಿರುತ್ತದೆ. ಗರ್ಭದ ಕೂಸು ನಿರಪರಾಧಿ ಎಂದ ಮೇಲೆ ಅದು ಬಾಗ್ದಾದಿನಲ್ಲೂ ನಿರಪರಾಧಿಯೇ. ರಾನ್ ಪಾಲ್ ಕೂಡ ಯುದ್ಧವನ್ನೇ ಒಪ್ಪದ ಮುನಿಯಲ್ಲ. ನ್ಯೂಯಾರ್ಕಿನ ದಾಳಿಯ ಬೆನ್ನಲ್ಲೇ 2001ರಲ್ಲಿ ಬಂದ ಸೇನಾಬಲದ ನಿರ್ಣಯಕ್ಕೆ ಅವರ ಒಪ್ಪಿಗೆ ಇತ್ತು. ಮೇಲೆ ಬಿದ್ದವರು ಯಾರು, ನಾವೇ ಹೋಗಿ ಬೀಳುತ್ತಿರುವುದು ಯಾರ ಮೇಲೆ ಎಂಬ ಭೇದವನ್ನು ಅವರು ಕೈಬಿಡಲಿಲ್ಲ.

ಕೊನೆಯ ಆಕ್ಷೇಪ ವ್ಯವಹಾರದ್ದು. ಪೂರ್ತಿ ಒಪ್ಪಿಗೆಯಾಗುವ ಅಭ್ಯರ್ಥಿ ಯಾವ ಕಣದಲ್ಲೂ ಸಿಗುವುದಿಲ್ಲ, ತತ್ವ ಹಿಡಿದು ಕೂತರೆ ಓಟು ದಂಡ. ಓಟು ದಂಡವೆನ್ನುವವರು ಬಾದಾಮಿಯನ್ನು ನೆನೆಯಲಿ: 2018ರಲ್ಲಿ ಸಿದ್ದರಾಮಯ್ಯನವರು ಅಲ್ಲಿ ಗೆದ್ದದ್ದು 1,696 ಮತಗಳ ಅಂತರದಿಂದ. ನಾಲ್ಕಾರು ಹಳ್ಳಿಗಳ ಮನಸ್ಸು ಬದಲಾದರೆ ಫಲಿತಾಂಶವೇ ಬದಲು. ಇನ್ನು ಪೂರ್ತಿ ಒಪ್ಪಿಗೆಯಾಗುವವನು ಸಿಗದಿದ್ದಾಗ ಇದ್ದುದರಲ್ಲಿ ವಾಸಿ ಎನಿಸಿದವನನ್ನು ಆರಿಸುವುದರಲ್ಲಿ ತಪ್ಪಿಲ್ಲ. ಪುಲಕೇಶಿಯ ನೆರಳಲ್ಲಿ ಬಾಳಿದ್ದಕ್ಕೆ, ಅವನ ನೆರವಿನಿಂದ ಬಸದಿ ಎತ್ತಿದ್ದಕ್ಕೆ ರವಿಕೀರ್ತಿಯನ್ನು ಯಾರೂ ದೂರಬೇಕಿಲ್ಲ. ಉಪಕಾರಕ್ಕೆ ಪ್ರತಿಯಾಗಿ ನೆತ್ತರನ್ನೂ ಸೊಗಸು ಮಾಡಿ ಹಾಡಿದ್ದು ಬೇರೆಯೇ ಬಾಬತ್ತು. ಒಂದು ಕಾನೂನಿನ ಆಸೆಗೆ ಒಬ್ಬನಿಗೆ ಓಟು ಹಾಕಿದವನು ಅವನ ಯುದ್ಧಗಳಿಗೂ ಜಯಕಾರ ಕೂಗಬೇಕಾಗಿಲ್ಲ. ಓಟು ಹಾಕಿದ ಮರುದಿನವೇ ಆ ಅಭ್ಯರ್ಥಿಯನ್ನು ಟೀಕಿಸುವ ಹಕ್ಕು ಮತದಾರನ ಕೈಯಲ್ಲೇ ಇರುತ್ತದೆ. ನಮ್ಮ ಬಾಗಲಕೋಟೆಯ ಲೋಕಸಭಾ ಅಭ್ಯರ್ಥಿಗಳನ್ನು ಜನ ಕುಡಚಿ ರೈಲು ಮಾರ್ಗದ ಬಗ್ಗೆ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವ ಊರುಗಳ ಪರಿಹಾರದ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ಯುದ್ಧದ ಬಗ್ಗೆ ಕೇಳುವವರು ಕಡಿಮೆ. ಅಮೆರಿಕದ ಸಂವಿಧಾನ ಯುದ್ಧ ಸಾರುವ ಅಧಿಕಾರವನ್ನು ಅಲ್ಲಿನ ಕಾಂಗ್ರೆಸ್ಸಿಗೆ ಕೊಟ್ಟಿದೆ. ನಮ್ಮ ಸಂವಿಧಾನದಲ್ಲಿ ಯುದ್ಧಕ್ಕೆ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ವಿಧಿಯೇ ಇಲ್ಲ, ತೀರ್ಮಾನ ಮಂತ್ರಿಮಂಡಲದ್ದು. ಹಾಗಾಗಿ ಕೇಳುವುದಿದ್ದರೆ ಅಭ್ಯರ್ಥಿಗಳು ಓಟು ಕೇಳಲು ಮನೆ ಬಾಗಿಲಿಗೆ ಬಂದಾಗಲೇ ಕೇಳಿ.