ಸೀಸದ ಪಟ್ಟಿಯ ಲೆಕ್ಕ

ಆಳಕ್ಕೆ ಇಳಿದಂತೆ ನೀರಿನ ಒತ್ತಡ ಏರುವುದರಿಂದ, ಮುಳುಗಿದ ವಸ್ತುವನ್ನು ಮೇಲಕ್ಕೆ ತಳ್ಳುವ ಪ್ಲವನ ಬಲವೂ ಏರಬೇಕೆಂದು ಊಹಿಸುವುದು ಸಹಜವಾದರೂ, ಸ್ಕೂಬಾ ಡೈವಿಂಗ್‌ನಲ್ಲಿ ಪಳಗಿದವರ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಎಲ್ಲ ಅಂಚುಗಳೂ 10 ಸೆಂಟಿಮೀಟರ್ ಇರುವ ಕಲ್ಲೊಂದನ್ನು ಸಮುದ್ರದಲ್ಲಿ 30 ಮೀಟರ್ ಆಳಕ್ಕೆ ಇಳಿಬಿಟ್ಟರೆ, ವಾಯುಮಂಡಲದ ಭಾರವೂ ಸೇರಿ ಅದರ ಒಂದೊಂದು ಮುಖದ ಮೇಲೂ ಸುಮಾರು 400 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ಆದರೆ ಪಕ್ಕದ ಬಲಗಳು ಪರಸ್ಪರ ರದ್ದಾಗಿ, ಕೆಳಮುಖದ ಮೇಲಿನ ಬಲವು ಮೇಲ್ಮುಖದ ಮೇಲಿನ ಬಲಕ್ಕಿಂತ ಸುಮಾರು ಒಂದು ಕಿಲೋಗ್ರಾಮಿನಷ್ಟು ಮಾತ್ರ ಹೆಚ್ಚಾಗಿ ಉಳಿಯುತ್ತದೆ. ಪ್ಲವನ ಬಲವೆಂದರೆ ಈ ಅಲ್ಪ ವ್ಯತ್ಯಾಸವೇ. ಅದು ಕಲ್ಲು ಸ್ಥಳಾಂತರಿಸಿದ ನೀರಿನ ತೂಕಕ್ಕೆ ಸಮವೆಂಬುದು ಆರ್ಕಿಮಿಡೀಸನ ತತ್ವ. ಎರಡು ಮುಖಗಳ ಅಂತರ ಬದಲಾಗದ ಕಾರಣ 3 ಮೀಟರಿನಲ್ಲಿಯೂ 30 ಮೀಟರಿನಲ್ಲಿಯೂ ಅದು ಅಷ್ಟೇ ಇರುತ್ತದೆ.

ಡೈವರ್‌ನ ವಿಷಯ ಹಾಗಲ್ಲ. ಮೈಯ ಶಾಖ ಕಾಯುವ ವೆಟ್‌ಸೂಟ್ ಎಂಬ ಉಡುಪನ್ನು ಅನಿಲದ ಸೂಕ್ಷ್ಮ ಗುಳ್ಳೆಗಳು ತುಂಬಿದ ನಿಯೋಪ್ರೀನ್ ರಬ್ಬರಿನಿಂದ ಮಾಡಿರುತ್ತಾರೆ. ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆಂಬ ಬಾಯ್ಲ್‌ನ ನಿಯಮದಂತೆ ಆ ಗುಳ್ಳೆಗಳು ಕುಗ್ಗುವುದರಿಂದ, ಸ್ಥಳಾಂತರವಾಗುವ ನೀರು ಕಡಿಮೆಯಾಗಿ ಡೈವರ್ ಇಳಿದಷ್ಟೂ ಭಾರವಾಗುತ್ತಾನೆ. ಈ ಕೊರತೆಯನ್ನು ಅವನು ಉಡುಪಿನ ಮೇಲೆ ತೊಟ್ಟ ಜಾಕೆಟ್ಟಿಗೆ ಗಾಳಿ ತುಂಬಿ ನೀಗಿಸಿಕೊಳ್ಳುತ್ತಾನೆ. ತೇಲಿಸುವ ಉಡುಪನ್ನು ಮೀರಿ ಮುಳುಗಲೆಂದು ಕಟ್ಟಿಕೊಳ್ಳುವ ಸೊಂಟದ ಪಟ್ಟಿಯಲ್ಲಿ ಸೀಸ ಅಗತ್ಯಕ್ಕಿಂತ ಹೆಚ್ಚಿದ್ದರೆ ಜಾಕೆಟ್ಟಿಗೂ ಹೆಚ್ಚು ಗಾಳಿ ಬೇಕಾಗುತ್ತದೆ, ಏರುವಾಗ ಆ ಗಾಳಿ ಹಿಗ್ಗಿ ಅವನನ್ನು ಹಿಡಿತಕ್ಕೆ ಸಿಗದ ವೇಗದಲ್ಲಿ ಮೇಲಕ್ಕೆ ಎಳೆಯುತ್ತದೆ. ಹೊಸಬರು ಧೈರ್ಯಕ್ಕೆಂದು ಕಟ್ಟಿಕೊಳ್ಳುವ ಹೆಚ್ಚುವರಿ ಸೀಸದಷ್ಟು ಕೆಟ್ಟ ಅಭ್ಯಾಸ ಈ ಹವ್ಯಾಸದಲ್ಲಿ ಬೇರೆ ಇರಲಾರದು.

ಸೀಸದ ಪ್ರಮಾಣವನ್ನು ನಿರ್ಧರಿಸುವುದು ಡೈವಿನ ಕೊನೆಯ ಸ್ಥಿತಿ. ಸಾಮಾನ್ಯ ಸಿಲಿಂಡರಿನಲ್ಲಿ ತುಂಬಿರುವ ಗಾಳಿಯೇ ಎರಡು ಕಿಲೋಗ್ರಾಂ ಮೀರಿ ತೂಗುವುದರಿಂದ, ಅದು ಬಹುತೇಕ ಮುಗಿದಾಗ, ಬರಿದಾದ ಜಾಕೆಟ್ಟಿನೊಡನೆ 5 ಮೀಟರ್ ಆಳದಲ್ಲಿ ಏರದೆ ಇಳಿಯದೆ ನಿಲ್ಲಲು ಬೇಕಾದಷ್ಟು ಸೀಸ ಸಾಕು. ಉಳಿದ ಸೂಕ್ಷ್ಮ ಹೊಂದಾಣಿಕೆಯನ್ನು ಪುಪ್ಪುಸಗಳೇ ಮಾಡುತ್ತವೆ: ಅರ್ಧ ಲೀಟರ್ ಉಸಿರು ಹೆಚ್ಚಾದರೆ ಪ್ಲವನ ಬಲವೂ ಸುಮಾರು ಅರ್ಧ ಕಿಲೋಗ್ರಾಮಿನಷ್ಟು ಹೆಚ್ಚುತ್ತದೆ. ಆದರೆ ಏರುವಾಗ ಉಸಿರು ಬಿಗಿಹಿಡಿದರೆ ಹಿಗ್ಗುವ ಗಾಳಿ ಪುಪ್ಪುಸವನ್ನೇ ಹರಿಯಬಲ್ಲದು.

ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಸಾಂದ್ರವಾದ್ದರಿಂದ, ಸಲಕರಣೆ ಸಹಿತ 90 ಲೀಟರ್ ಗಾತ್ರದ ವ್ಯಕ್ತಿ ಬೆಂಗಳೂರಿನ ಈಜುಕೊಳದಲ್ಲಿ ಹೊಂದಿಸಿಕೊಂಡ ಸೀಸಕ್ಕೆ, ಅದೇ ಉಡುಪಿನಲ್ಲಿ ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗುವಾಗ, ಇನ್ನೆರಡು ಕಿಲೋಗ್ರಾಮಿಗೂ ತುಸು ಮಿಗಿಲಾಗಿ ಸೇರಿಸಬೇಕಾಗುತ್ತದೆ.