ಪಾಪರ್ ಆದವನಿಗೆ ಬಿಡುಗಡೆ ಎಲ್ಲಿದೆ?

2011ರ ಜುಲೈ ಕೊನೆಯ ವಾರವನ್ನು ಹೊಸಪೇಟೆ ಸೀಮೆಯ ಜನ ಸುಲಭಕ್ಕೆ ಮರೆಯುವುದಿಲ್ಲ. 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಎರಡನೆಯ ವರದಿ ಸಲ್ಲಿಸಿದರು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನೇ ನಿಲ್ಲಿಸಿತು. ಹೆಚ್ಚೂಕಡಿಮೆ ಅದೇ ದಿನಗಳಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಎದುರು, ಬಜಾರಿನ ಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆ ಮಾಡಿಕೊಂಡಿದ್ದವರನ್ನು ಜೆಸಿಬಿಗಳು ಎಬ್ಬಿಸಿದವು. ಸಂಡೂರಿನ ಗುಡ್ಡಗಳ ಲೂಟಿ ನಿಲ್ಲಲೇಬೇಕಿತ್ತು, ಸ್ಮಾರಕಗಳು ಉಳಿಯಲೇಬೇಕಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮುಂದಿನ ತಿಂಗಳ ಐದನೇ ತಾರೀಕಿಗೆ ಕಂತು ಕಟ್ಟಬೇಕಾಗಿದ್ದವರ ಗತಿ ಏನೆಂದು ಆ ವಾರ ಯಾರೂ ಕೇಳಲಿಲ್ಲ. ಆಮೇಲೂ ಕೇಳಿದ್ದು ಕಡಿಮೆ. ಗಣಿಯ ಬಗ್ಗೆ ನಾವು ಬರೆದದ್ದೆಲ್ಲ ದೊರೆಗಳ ಕಥೆ, ಹೆಲಿಕಾಪ್ಟರಿನ ಕಥೆ. ಸಾಲ ಮಾಡಿ ಲಾರಿ ಕೊಂಡು ದಿವಾಳಿಯಾದವರು ಅದರ ಅಂಚಿನಲ್ಲೂ ಕಾಣಿಸುವುದಿಲ್ಲ.

2003ರ ನಂತರ ಚೀನಾದ ಬೇಡಿಕೆ ಏರಿದಂತೆ ಇಲ್ಲಿನ ಅದಿರು ಬೇಲೆಕೇರಿ, ಕೃಷ್ಣಪಟ್ಟಣಂ ಬಂದರುಗಳತ್ತ ಹೊರಟಿತು. ಒಂದೆರಡು ಎಕರೆ ಮಾರಿ ಮುಂಗಡ ಕಟ್ಟಿ, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ ಟಿಪ್ಪರ್ ತಂದವರು ಊರೂರಲ್ಲಿದ್ದರು. ನಿನ್ನೆಯ ಡ್ರೈವರ್ ಇವತ್ತು ಓನರ್ ಆಗಿದ್ದ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕಿದಾಗ ಟ್ರಿಪ್ ಇಳಿದವು, ಮರುವರ್ಷ ನಿಂತೇ ಹೋದವು. ಕಂತು ಮಾತ್ರ ನಿಲ್ಲಲಿಲ್ಲ. ಫೈನಾನ್ಸ್‌ನವರು ಸೀಜ್ ಮಾಡಿದ ಲಾರಿಗಳೆಲ್ಲ ಒಂದೇ ಕಾಲಕ್ಕೆ ಹರಾಜಿಗೆ ಬಂದರೆ ಕೊಳ್ಳುವವರು ಯಾರು? ಬಂದ ಬೆಲೆ ಬಡ್ಡಿಗೂ ಸಾಲದೆ, ಲಾರಿ ಹೋದ ಮೇಲೂ ಲಾರಿಯ ಸಾಲ ಉಳಿಯಿತು.

ಸಾಲ ಬೆಳೆಯುವ ಕ್ರಮವೇ ಮನುಷ್ಯನನ್ನು ಒಂಟಿ ಮಾಡುತ್ತದೆ. ಮೊದಲು ಫೈನಾನ್ಸ್, ಅದರ ಕಂತಿಗೆ ಬಂಗಾರದ ಮೇಲಿನ ಸಾಲ, ಅದನ್ನು ಬಿಡಿಸಲು ಚೀಟಿ ಎತ್ತುವುದು, ಚೀಟಿ ಕಟ್ಟಲು ಐದು ರೂಪಾಯಿ ಬಡ್ಡಿಯ ಕೈಸಾಲ. ಕಂಪ್ಲಿ ಕಡೆಯ ಭತ್ತದ ರೈತನಿಗೆ ಇದೇ ಸರಪಳಿ ಗೊಬ್ಬರದಂಗಡಿಯ ಉದ್ರಿಯಿಂದ ಶುರುವಾಗುತ್ತದೆ. ಪ್ರತಿ ಹೊಸ ಸಾಲಕ್ಕೂ ಒಂದು ಹೊಸ ಸುಳ್ಳು ಬೇಕು, ಹೆಂಡತಿಗೆ ಪೂರ್ತಿ ಲೆಕ್ಕ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಮುಯ್ಯಿ ಹಾಕಲು ದುಡ್ಡಿಲ್ಲವೆಂದು ಮದುವೆ ಬಿಡುತ್ತಾನೆ, ಸಾಲ ಕೊಟ್ಟವನ ಅಂಗಡಿ ಇರುವ ಬೀದಿ ಬಿಡುತ್ತಾನೆ, ಕೊನೆಗೆ ಫೋನನ್ನೂ ಆರಿಸಿಡುತ್ತಾನೆ. ಹಣಕ್ಕಿಂತ ಮೊದಲು ಅವನು ಕಳೆದುಕೊಳ್ಳುವುದು ಓಡಾಡುವ ಜಾಗಗಳನ್ನು.

ಇಂಥವನಿಗೆ ನಮ್ಮಲ್ಲಿ ರೂಢಿಯಲ್ಲಿರುವ ದಾರಿ ಎರಡು. ಒಂದು, ರಾತ್ರೋರಾತ್ರಿ ಊರು ಬಿಡುವುದು. ಇನ್ನೊಂದು, ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡುವುದು. ಪಂಚಾಯ್ತಿಯನ್ನು ನಾನು ತಳ್ಳಿಹಾಕುವುದಿಲ್ಲ. ಕೊಟ್ಟವನೂ ಪಡೆದವನೂ ಒಂದೇ ಜಗುಲಿಯ ಮೇಲೆ ಕೂತು ರೂಪಾಯಿಗೆ ಎಂಟಾಣೆಗೆ ಒಪ್ಪುವುದುಂಟು. ತನ್ನ ಸೋಲನ್ನು ಹತ್ತು ಜನರೆದುರು ಒಮ್ಮೆ ಹೇಳಿಬಿಟ್ಟವನ ಎದೆ ಹಗುರಾಗುವುದೂ ಉಂಟು. ಆದರೆ ಇಲ್ಲಿ ಜೋರು ಮಾಡಿದವನಿಗೆ ಮೊದಲು ಸಿಗುತ್ತದೆ, ಮೆತ್ತಗಿನ ವಿಧವೆ ಅತ್ತಿಗೆಯ ಕೈಸಾಲ ಕೊನೆಗೆ ಉಳಿಯುತ್ತದೆ. ಮೇಲಾಗಿ, ಇವತ್ತು ಒಪ್ಪಿದವನು ಆರು ತಿಂಗಳ ನಂತರ ಮತ್ತೆ ಬಾಗಿಲು ಬಡಿದರೆ ತಡೆಯುವ ಶಕ್ತಿ ಅದಕ್ಕಿಲ್ಲ.

ಮೂರನೆಯ ದಾರಿ ಕೋರ್ಟಿನದು. 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಬ್ರಿಟಿಷರ ಕಾಲದ್ದು, ಸಾಮಾನ್ಯ ಮನುಷ್ಯನ ಮಟ್ಟಿಗೆ ಇನ್ನೂ ಅದೇ ಗತಿ. ಐನೂರು ರೂಪಾಯಿ ಸಾಲವಿದ್ದವನು ಅರ್ಜಿ ಹಾಕಬಹುದೆಂಬ ಕಾಲದಲ್ಲಿ ಬರೆದದ್ದು. ಹಳೆಯದೆಂದು ಮೂಗು ಮುರಿಯುವ ಮೊದಲು ಅದರ ಒಳಗಿನ ಮನುಷ್ಯತ್ವ ನೋಡಬೇಕು. ಅರ್ಜಿದಾರನ ಆಸ್ತಿಯನ್ನು ರಿಸೀವರ್ ವಶಕ್ಕೆ ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚುತ್ತಾನೆ, ಆದರೆ ಎಲ್ಲವನ್ನೂ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡುಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಕಸುಬುದಾರನ ಸಲಕರಣೆ, ರೈತನ ಎತ್ತು, ಬಿತ್ತನೆ ಬೀಜ, ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ, ಇಷ್ಟನ್ನು ಮುಟ್ಟಬಾರದೆನ್ನುತ್ತದೆ. ಅಂದರೆ ತಾಳಿ ಕೋರ್ಟಿನ ಕೈಗೆ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಆಗುವುದೇನು? ಕೋರ್ಟಿನ ಹೆಸರು ಕಿವಿಗೆ ಬೀಳುವ ಎಷ್ಟೋ ಮೊದಲೇ ತಾಳಿಯ ಬಂಗಾರ ಗಿರವಿ ಅಂಗಡಿ ಸೇರಿ, ಅರಿಶಿನ ಕೊಂಬು ಕೊರಳಿಗೆ ಬಂದಿರುತ್ತದೆ. ಕಾನೂನು ಉಳಿಸುವುದನ್ನು ನಾಚಿಕೆ ಕಳೆಯುತ್ತದೆ.

ಆ ಕಾಯ್ದೆಯ ಅತ್ಯಂತ ಬೆಲೆಯುಳ್ಳ ಭಾಗ ಬಿಡುಗಡೆಯ ಆದೇಶ. ಇದ್ದದ್ದನ್ನು ಒಪ್ಪಿಸಿ ಪ್ರಾಮಾಣಿಕವಾಗಿ ನಡೆದುಕೊಂಡವನನ್ನು ಕೋರ್ಟು ಒಂದು ದಿನ ಹಳೆಯ ಸಾಲಗಳಿಂದ ಬಿಡಿಸುತ್ತದೆ. ಸೋತವನು ನಿದ್ದೆ ಮಾಡಬೇಕಾದರೆ ಇಂಥ ಒಂದು ದಿನ ಬರುತ್ತದೆಂಬ ಖಾತ್ರಿ ಬೇಕು. ಗಂಡಾಂತರ ಎಷ್ಟು ದೊಡ್ಡದಾದರೂ ಅದಕ್ಕೆ ಕೊನೆಯಿದೆ ಎಂದು ಗೊತ್ತಿದ್ದರೆ ಮನುಷ್ಯ ತಾಳಿಕೊಳ್ಳುತ್ತಾನೆ. ಕೊನೆಯೇ ಕಾಣದಿದ್ದಾಗ ಮುರಿಯುತ್ತಾನೆ. ಕಟ್ಟಲು ನಿಜಕ್ಕೂ ಶಕ್ತಿಯಿಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವುದು ಬದುಕುವ ಹಕ್ಕಿಗೆ ವಿರುದ್ಧವೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲೇ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಹೇಳಿದರು. ಇದೂ ನಮ್ಮ ಓಣಿಗಳಿಗೆ ತಲುಪಿಲ್ಲ. ಚೆಕ್ ಬೌನ್ಸಿನ ನೋಟಿಸು ಮಾತ್ರ ಚೆನ್ನಾಗಿ ತಲುಪುತ್ತದೆ.

ಕಾಯ್ದೆಯ ಕೊರತೆಗಳೂ ಸಣ್ಣವಲ್ಲ. ಅಡಮಾನ ಇಟ್ಟುಕೊಂಡ ಫೈನಾನ್ಸ್ ಕಂಪನಿ ಈ ಹಂಚಿಕೆಯ ಹೊರಗೆ ನಿಂತು ತನ್ನ ವಸ್ತುವನ್ನು ಎಳೆದುಕೊಳ್ಳಬಹುದು. ಲಾರಿ ಸಾಲದವನಿಗೆ ಅಸಲು ಹೊಡೆತವೇ ಅದು. ಇನ್ನೂ ಕ್ರೂರವಾದದ್ದು ಜಾಮೀನುದಾರನ ಸ್ಥಿತಿ. ಸಾಲ ಮಾಡಿದವನಿಗೆ ಬಿಡುಗಡೆ ಸಿಕ್ಕರೂ ಜಾಮೀನು ಹಾಕಿದವನಿಗೆ ಸಿಗುವುದಿಲ್ಲವೆಂದು 44ನೇ ಕಲಮು ಸ್ಪಷ್ಟವಾಗಿ ಬರೆದಿದೆ. ಈ ಸೀಮೆಯಲ್ಲಿ ಜಾಮೀನು ಹಾಕುವವನು ಯಾರು? ಭಾವ, ಷಡ್ಡಕ, ಸೋದರಮಾವ, ಜೊತೆಗೆ ಓದಿದ ಮೇಷ್ಟ್ರು. ತನಗೆ ಬಿಡುಗಡೆ ಕೇಳುವುದೆಂದರೆ ಅವರ ಕೊರಳಿಗೆ ಹಗ್ಗ ದಾಟಿಸಿದಂತೆ ಎಂದು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಅದನ್ನು ಹೇಡಿತನ ಎನ್ನುವವರಿಗೆ ನಂಟಿನ ಭಾರ ಗೊತ್ತಿಲ್ಲ. ಬಿಡುಗಡೆ ಆಗದ ದಿವಾಳಿಗೆ ಚುನಾವಣೆಗೆ ನಿಲ್ಲುವ ಹಕ್ಕೂ ಇಲ್ಲ. ಹಳೆಯ ಕಳಂಕವನ್ನು ಸಂವಿಧಾನದ 102 ಮತ್ತು 191ನೇ ವಿಧಿಗಳೂ ಉಳಿಸಿಕೊಂಡಿವೆ.

2016ರ ದಿವಾಳಿ ಸಂಹಿತೆ ಬಂದಾಗ ಆಸೆ ಹುಟ್ಟಿತ್ತು. ವರ್ಷಕ್ಕೆ ಅರವತ್ತು ಸಾವಿರದೊಳಗೆ ಆದಾಯ, ಮೂವತ್ತೈದು ಸಾವಿರದೊಳಗೆ ಸಾಲ ಇರುವ ಬಡವರು ಹೊಸದಾಗಿ ಬದುಕು ಶುರುಮಾಡುವ ಒಂದು ವ್ಯವಸ್ಥೆ ಅದರಲ್ಲಿದೆ. ಅಂಕಿಗಳು ತೀರ ಕಿರಿದು, ಸ್ವಸಹಾಯ ಸಂಘದ ಒಂದೇ ಸಾಲ ಆ ಮಿತಿ ದಾಟುತ್ತದೆ. ಆದರೂ ದಿಕ್ಕು ಸರಿಯಾಗಿತ್ತು. ಆ ವ್ಯವಸ್ಥೆ ಮಾತ್ರ ಜಾರಿಗೆ ಬರಲಿಲ್ಲ. ವ್ಯಕ್ತಿಗಳ ದಿವಾಳಿಯ ಉಳಿದ ಭಾಗವನ್ನು ಜಾರಿ ಮಾಡಿದ್ದು 2019ರ ಡಿಸೆಂಬರಿನಲ್ಲಿ, ಅದೂ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ ಮಾತ್ರ. ಟಿಪ್ಪರ್ ಓನರು, ಭತ್ತದ ರೈತ, ಹಂಪಿಯ ಗೂಡಂಗಡಿಯವಳು ಹೊರಗೇ ಉಳಿದರು. ಕರ್ನಾಟಕ 2025ರ ಫೆಬ್ರವರಿಯಲ್ಲಿ ತಂದ ಕಿರುಸಾಲ ಸುಗ್ರೀವಾಜ್ಞೆ ಸಾಲ ವಸೂಲಿಯ ಕಿರುಕುಳವನ್ನು ಅಪರಾಧ ಮಾಡಿತು. ಒಳ್ಳೆಯ ಕೆಲಸ. ಬಾಗಿಲಿಗೆ ಬಂದು ಮಾನ ಕಳೆಯುವವನನ್ನು ಅದು ತಡೆಯಬಹುದು, ಆದರೆ ನೋಂದಾಯಿತ ಕಂಪನಿಯ ಸಾಲಕ್ಕೆ ಅದು ಕೊನೆ ಬರೆಯುವುದಿಲ್ಲ.

ಇನ್ನು ಮನಸ್ಸಿನ ಮಾತು. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೇಶದಲ್ಲೇ ಮೊದಲ ಸಾಲಿನ ಜಾಗವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅವಿಭಜಿತ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಬುನಾದಿ. ಈಗ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿವೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಇಷ್ಟಿದ್ದೂ ಒಂದು ಕೊಂಡಿ ಬಿಟ್ಟುಹೋಗಿದೆ ಎಂಬುದು ನನ್ನ ತಕರಾರು. ನಿದ್ದೆ ಬರುತ್ತಿಲ್ಲ, ಎದೆ ಹಿಡಿದಂತಾಗುತ್ತದೆ ಎಂದು ಬಂದವನಿಗೆ ಸಾಲ ಎಷ್ಟಿದೆ, ಮನೆಗೆ ಯಾರು ಬರುತ್ತಾರೆ, ಯಾರು ಜಾಮೀನು ಹಾಕಿದ್ದಾರೆ ಎಂದು ಕೇಳುವುದು ಚಿಕಿತ್ಸೆಯ ಭಾಗವಾಗಬೇಕು. ಮಾತ್ರೆ ಬರೆದ ಚೀಟಿಯಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸವನ್ನೂ ಬರೆದುಕೊಡಲಿ, ಸಮಿತಿಯ ವಕೀಲರು ಅವನ ಸಾಲಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಇಳಿಸಲಿ, ಹೆಂಡತಿಯನ್ನೂ ಜಾಮೀನುದಾರರನ್ನೂ ಎದುರಿಗೆ ಕೂರಿಸಿಕೊಂಡೇ ಆ ಲೆಕ್ಕ ಓದಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಆಸ್ಪತ್ರೆಯವರೂ ಕಾನೂನು ಸೇವಾ ಸಮಿತಿಯವರೂ ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂತರೆ ಸಾಕು.